ಮೂರೇ ಪ್ರದರ್ಶನ ಕಂಡ ನಾಟಕದ ಹಾಡು

1970ರ ಆರಂಭದಲ್ಲಿ ಅಮೆರಿಕದ ಕೊಲಂಬಿಯಾ ರೆಕಾರ್ಡ್ ಕಂಪನಿ ತನ್ನ ಗಾಯಕಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಅವರ ಹನ್ನೊಂದು ಹಾಡುಗಳನ್ನು ಒಂದು ಎಲ್‌ಪಿಗೆ ಸೇರಿಸಿ ಮಾರುಕಟ್ಟೆಗೆ ಬಿಟ್ಟಿತು. ಹೆಸರು 'ಬಾರ್ಬ್ರಾ ಸ್ಟ್ರೈಸ್ಯಾಂಡ್ಸ್ ಗ್ರೇಟೆಸ್ಟ್ ಹಿಟ್ಸ್'. ಆ ಹೆಸರಿನಲ್ಲಿ ಒಂದು ಸುಳ್ಳಿತ್ತು. ಅಷ್ಟು ಹೊತ್ತಿಗೆ ಬಿಲ್‌ಬೋರ್ಡ್ ಪತ್ರಿಕೆಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಕಾಲಿಟ್ಟಿದ್ದ ಅವರ ಹಾಡು ಒಂದೇ ಒಂದು, 1964ರ 'ಪೀಪಲ್'. ಉಳಿದ ಹತ್ತರಲ್ಲಿ ಕೆಲವು ಪಟ್ಟಿಯ ಬುಡದಲ್ಲಿ ಒಂದಷ್ಟು ವಾರ ಸುಳಿದಾಡಿ ಮಾಯವಾಗಿದ್ದವು. ಕೆಲವಕ್ಕೆ ಅಲ್ಲಿ ಜಾಗವೇ ಸಿಕ್ಕಿರಲಿಲ್ಲ.

ಹಾಗೆಂದು ಬಾರ್ಬ್ರಾ ಸೋತ ಗಾಯಕಿಯೇನಲ್ಲ. 1963ರ ಅವರ ಮೊದಲ ಆಲ್ಬಮ್ಮಿಗೇ ವರ್ಷದ ಶ್ರೇಷ್ಠ ಆಲ್ಬಂ ಎಂಬ ಗ್ರ್ಯಾಮಿ ಬಂದಿತ್ತು. ಬೀಟಲ್ಸ್ ಜ್ವರ ಅಮೆರಿಕವನ್ನು ಹಿಡಿದಿದ್ದ 1964ರಲ್ಲೇ ಅವರ 'ಪೀಪಲ್' ಆಲ್ಬಂ ಮೊದಲ ಸ್ಥಾನಕ್ಕೆ ಏರಿತ್ತು. ಹದಿಹರೆಯದವರು ಬಿಡಿ ಹಾಡಿನ ಪುಟ್ಟ ರೆಕಾರ್ಡ್ ಕೊಳ್ಳುತ್ತಿದ್ದರೆ, ಅವರ ಅಪ್ಪ ಅಮ್ಮಂದಿರು ಬಾರ್ಬ್ರಾರ ಎಲ್‌ಪಿ ಕೊಳ್ಳುತ್ತಿದ್ದರು. ಹಾಗಾಗಿ ಹಿಟ್ ಇಲ್ಲದಿದ್ದರೂ ಹಿಟ್ಸ್ ಎಂಬ ಹಣೆಪಟ್ಟಿ ಅಂಟಿಸಲು ಕಂಪನಿಗೆ ಧೈರ್ಯ ಸಾಲದೇ ಹೋಗಲಿಲ್ಲ.

ಸಂಕಲನ ಆಲ್ಬಂ ಎಂದರೆ ಏನು, ಅದರಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಕೈತೋರಿಸುವುದು ಈ ರೆಕಾರ್ಡಿನತ್ತ. ಅದರಲ್ಲಿ ಗೆದ್ದ ಹಾಡು ಎಷ್ಟಿದೆ ಎಂಬುದಕ್ಕಿಂತ, ಬಿದ್ದುಹೋದ ನಾಟಕಗಳಿಂದ ಎದ್ದುಬಂದ ಹಾಡುಗಳು ಇವೆಯಲ್ಲ, ಅದು ನನಗೆ ಮುಖ್ಯ.

(ಹೆಸರಿನ ಉಚ್ಚಾರದ ಬಗ್ಗೆ ಒಂದು ಮಾತು. ಕೊನೆಯ ಭಾಗವನ್ನು ಸಮುದ್ರತೀರದ ಮರಳಿನಂತೆ 'ಸ್ಯಾಂಡ್' ಎಂದೇ ಮೃದುವಾಗಿ ಹೇಳಬೇಕು ಎಂಬುದು ಬಾರ್ಬ್ರಾರ ಹಠ. ಐಫೋನಿನೊಳಗಿನ ಧ್ವನಿಸಹಾಯಕಿ 'ಸಿರಿ' ತಮ್ಮ ಹೆಸರನ್ನು ತಪ್ಪಾಗಿ ಹೇಳುತ್ತಿದೆ ಎಂದು ಆ್ಯಪಲ್ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಅವರಿಗೇ ಫೋನ್ ಮಾಡಿದ್ದಾಗಿ 2016ರಲ್ಲಿ ಅವರೇ ಹೇಳಿಕೊಂಡಿದ್ದರು. ಇಂಥವರ ಹಾಡುಗಳಲ್ಲಿ ಅಕ್ಷರಗಳು ಅಷ್ಟು ಸ್ಪಷ್ಟವಾಗಿ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ.)

'ಗ್ರೇಟೆಸ್ಟ್ ಹಿಟ್ಸ್' ಎಂಬ ಬಗೆಯ ರೆಕಾರ್ಡನ್ನು ರೂಢಿಗೆ ತಂದದ್ದೂ ಇದೇ ಕೊಲಂಬಿಯಾ. 1958ರಲ್ಲಿ ಅದರ ಇನ್ನೊಬ್ಬ ಗಾಯಕ ಜಾನಿ ಮ್ಯಾಥಿಸ್ ಪ್ರವಾಸದಲ್ಲಿದ್ದರು. ಹೊಸ ಆಲ್ಬಮ್ಮಿಗೆ ಹಾಡು ಧ್ವನಿಮುದ್ರಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಕಂಪನಿಯ ಮಿಚ್ ಮಿಲ್ಲರ್ ಅದಕ್ಕೊಂದು ಉಪಾಯ ಹುಡುಕಿದರು: ಆಗಲೇ ಬಿಡಿಬಿಡಿಯಾಗಿ ಮಾರಾಟವಾಗಿದ್ದ ಹಾಡುಗಳನ್ನೇ ಒಟ್ಟುಗೂಡಿಸಿ ಎಲ್‌ಪಿ ಮಾಡೋಣ. ಹಾಗೆ ಬಂದ 'ಜಾನೀಸ್ ಗ್ರೇಟೆಸ್ಟ್ ಹಿಟ್ಸ್' ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 490 ವಾರ ಇತ್ತು. ಅಂದರೆ ಒಂಬತ್ತು ವರ್ಷಕ್ಕೂ ಹೆಚ್ಚು. ಆ ದಾಖಲೆಯನ್ನು ಮುರಿಯಲು ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದಿ ಮೂನ್' ಬರಬೇಕಾಯಿತು, ಅದೂ 1983ರಲ್ಲಿ.

ಕಂಪನಿಗಳಿಗೆ ಇದು ಯಾಕೆ ಅಷ್ಟು ರುಚಿಸಿತು ಎಂಬುದಕ್ಕೆ ದೊಡ್ಡ ಅರ್ಥಶಾಸ್ತ್ರ ಬೇಡ. ಧ್ವನಿಮುದ್ರಣದ ಮೂಲಪ್ರತಿ ಕಂಪನಿಯ ಸ್ವತ್ತು. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ ಎಲ್ಲವೂ ಹಿಂದೆಯೇ ಚುಕ್ತಾ ಆಗಿರುತ್ತದೆ. ಗಾಯಕರಿಗೂ ಹಾಡು ಬರೆದವರಿಗೂ ರಾಯಲ್ಟಿ ಕೊಟ್ಟು, ಹೊಸ ಮುಖಪುಟ ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತು. ಕ್ರಿಸ್‌ಮಸ್ ಹತ್ತಿರ ಬಂದಾಗ ಇಂಥವು ಹೆಚ್ಚಾಗಿ ಅಂಗಡಿಗೆ ಬರುತ್ತಿದ್ದುದು ಇದೇ ಕಾರಣಕ್ಕೆ. ಯಾವ ಆಲ್ಬಂ ಕೊಳ್ಳಬೇಕು ಎಂದು ತಿಳಿಯದವರು ಉಡುಗೊರೆ ಕೊಡಲು ಕೊಳ್ಳುವುದು ಸಂಕಲನವನ್ನೇ. ಸಂಗೀತ ವಿಮರ್ಶಕರು ಇವನ್ನು ಕಂಡು ಮೂಗು ಮುರಿಯುವುದೂ ಅದಕ್ಕೇ. ಮೂಗು ಮುರಿಯುವಷ್ಟು ಕೆಟ್ಟ ಸಂಕಲನಗಳು ಬೇಕಾದಷ್ಟಿವೆ, ಒಪ್ಪೋಣ.

ಬಾರ್ಬ್ರಾ ಸಂಕಲನದ ಸಂಗತಿ ಬೇರೆ. ಅದರ ಹೂರಣ ಬಹುಪಾಲು ಬ್ರಾಡ್‌ವೇಯದು. ಬ್ರಾಡ್‌ವೇ ಎಂದರೆ ನ್ಯೂಯಾರ್ಕ್ ನಗರದ ವೃತ್ತಿರಂಗಭೂಮಿಯ ಬೀದಿ. ರಾಕ್ ಸಂಗೀತ ಬರುವವರೆಗೆ ಅಮೆರಿಕದ ಜನ ಗುನುಗುತ್ತಿದ್ದ ಹಾಡುಗಳಲ್ಲಿ ದೊಡ್ಡ ಪಾಲು ಹುಟ್ಟುತ್ತಿದ್ದುದು ಅಲ್ಲಿನ ಸಂಗೀತ ನಾಟಕಗಳಲ್ಲಿ. ಜಾರ್ಜ್ ಗರ್ಶ್ವಿನ್, ಕೋಲ್ ಪೋರ್ಟರ್, ರಿಚರ್ಡ್ ರಾಜರ್ಸ್ ಇವರೆಲ್ಲ ನಾಟಕಕ್ಕೆ ಹಾಡು ಕಟ್ಟಿದವರೇ. ಬಿ.ವಿ. ಕಾರಂತರ ರಂಗಗೀತೆಗಳನ್ನು ಮೂಲ ನಾಟಕ ನೋಡದವರೂ ನಮ್ಮಲ್ಲಿ ಹಾಡುತ್ತಾರಲ್ಲ, ಹಾಗೆ ಅಲ್ಲಿಯೂ ಹಾಡು ರಂಗಮಂದಿರದ ಬಾಗಿಲು ದಾಟಿ ಊರೂರು ಸುತ್ತುತ್ತಿತ್ತು. ಒಂದು ವ್ಯತ್ಯಾಸವಿತ್ತು: ಹಾಡು ಹೊರಗೆ ಹೋಗಲಿ ಎಂಬುದು ಅಲ್ಲಿ ಮೊದಲೇ ಹಾಕಿಕೊಂಡ ಲೆಕ್ಕಾಚಾರ. ಅದರ ಸ್ವರಲಿಪಿಯನ್ನು ಅಚ್ಚು ಹಾಕಿ ಮಾರುವ ಪ್ರಕಾಶಕರ ಕಣ್ಣು ಯಾವಾಗಲೂ ನಾಟಕದ ಮೇಲಿರುತ್ತಿತ್ತು.

ಹಾಗಾಗಿ ಹಾಡಿಗೆ ಎರಡು ಕೆಲಸ. ನಾಟಕದೊಳಗೆ ಅದು ಇಂಥದೇ ಪಾತ್ರದ ಇಂಥದೇ ಗಳಿಗೆಗೆ ಹೊಂದಬೇಕು. ಹೊರಗೆ ಬಂದಾಗ ಯಾರು ಬೇಕಾದರೂ ತಮ್ಮದೆಂದು ಹಾಡಿಕೊಳ್ಳುವಂತಿರಬೇಕು. ಹಳೆಯ ಬ್ರಾಡ್‌ವೇ ಹಾಡುಗಳ ರಚನೆಯಲ್ಲೇ ಇದಕ್ಕೆ ಏರ್ಪಾಡಿದೆ. ಮೊದಲಿಗೆ ಮಾತಿಗೂ ಹಾಡಿಗೂ ನಡುವಿನಂತಿರುವ ಒಂದು ಪೀಠಿಕೆ ಬರುತ್ತದೆ. ಕಥೆಯ ಸಂದರ್ಭ, ಪಾತ್ರದ ಗುಟ್ಟು ಎಲ್ಲ ಅದರಲ್ಲಿರುತ್ತದೆ. ಆಮೇಲೆ ಸಾಮಾನ್ಯವಾಗಿ ಮೂವತ್ತೆರಡು ತಾಳಾವರ್ತಗಳ ಮುಖ್ಯ ಭಾಗ. ಪಾಪ್ ಗಾಯಕರು ರೆಕಾರ್ಡ್ ಮಾಡುವಾಗ ಪೀಠಿಕೆಯನ್ನು ಕತ್ತರಿಸಿ ಮುಖ್ಯ ಭಾಗವನ್ನಷ್ಟೇ ಹಾಡುತ್ತಿದ್ದರು. ಮೂರು ನಿಮಿಷದೊಳಗೆ ಹಾಡು ಮುಗಿಯಬೇಕಿತ್ತಲ್ಲ. ಹೀಗೆ ಪೀಠಿಕೆ ಕಳಚಿದ ಹಾಡಿಗೆ ಪಾತ್ರವೂ ಇಲ್ಲ, ದೃಶ್ಯವೂ ಇಲ್ಲ. ಅದು ಪಾಪ್ ಹಾಡು.

ಕೊಲಂಬಿಯಾ ಈ ವ್ಯವಹಾರದಲ್ಲಿ ಪಳಗಿದ ಕಂಪನಿ. ಎಲ್‌ಪಿಯನ್ನು 1948ರಲ್ಲಿ ಮಾರುಕಟ್ಟೆಗೆ ತಂದದ್ದೇ ಅದು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಾಡು ಹಿಡಿಸುವ ರೆಕಾರ್ಡ್ ಬಂದದ್ದೇ ತಡ, ನಾಟಕದ ಮೂಲ ನಟರು ಹಾಡಿದ ಅಷ್ಟೂ ಹಾಡುಗಳನ್ನು ಒಟ್ಟಿಗೆ ಕೊಡುವ 'ಕಾಸ್ಟ್ ಆಲ್ಬಂ' ದೊಡ್ಡ ವ್ಯಾಪಾರವಾಯಿತು. ಕಂಪನಿಯ ಗಾಡರ್ಡ್ ಲೀಬರ್ಸನ್ ಈ ವಿದ್ಯೆಯ ದೊಡ್ಡ ಮೇಸ್ತ್ರಿ. 1956ರ 'ಮೈ ಫೇರ್ ಲೇಡಿ' ನಾಟಕಕ್ಕೆ ಬಂಡವಾಳ ಹಾಕಿದ್ದೇ ಕೊಲಂಬಿಯಾದ ಮಾತೃಸಂಸ್ಥೆ ಸಿಬಿಎಸ್. ನಾಟಕದ ಒಂದೆರಡು ಹಾಡುಗಳನ್ನು ತನ್ನ ಪಾಪ್ ಗಾಯಕರಿಂದ ಹಾಡಿಸಿ ಬಿಡಿಯಾಗಿ ಮಾರುವುದೂ ಜೊತೆಜೊತೆಗೆ ನಡೆಯುತ್ತಿತ್ತು. ನಾಟಕದಿಂದ ಹಾಡಿಗೆ ಪ್ರಚಾರ, ಹಾಡಿನಿಂದ ನಾಟಕಕ್ಕೆ ಪ್ರಚಾರ.

ಈ ಜೋಡಿ ವ್ಯಾಪಾರ ಕೊನೆಯ ಬಾರಿಗೆ ಭರ್ಜರಿಯಾಗಿ ನಡೆದ ವರ್ಷ 1964. ಫೆಬ್ರುವರಿಯಿಂದ ಹದಿನಾಲ್ಕು ವಾರ ಹಾಡುಗಳ ಪಟ್ಟಿಯ ಮೊದಲ ಸ್ಥಾನ ಬೀಟಲ್ಸ್ ಬಿಟ್ಟು ಯಾರಿಗೂ ಸಿಗಲಿಲ್ಲ. ಮೇ ತಿಂಗಳಲ್ಲಿ ಅವರನ್ನು ಅಲ್ಲಿಂದ ಇಳಿಸಿದ್ದು ಅರವತ್ತು ದಾಟಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ನಾಟಕದ ಹಾಡು, 'ಹಲೋ, ಡಾಲಿ!'. ಅದೇ ಬೇಸಿಗೆಯಲ್ಲಿ ಬಾರ್ಬ್ರಾರ 'ಪೀಪಲ್' ಐದನೇ ಸ್ಥಾನಕ್ಕೆ ಬಂತು.

'ಪೀಪಲ್' ಇದ್ದದ್ದು 'ಫನ್ನಿ ಗರ್ಲ್' ನಾಟಕದಲ್ಲಿ. 1910, 20ರ ದಶಕಗಳಲ್ಲಿ ನ್ಯೂಯಾರ್ಕನ್ನು ನಗಿಸಿದ್ದ ನಟಿ ಫ್ಯಾನಿ ಬ್ರೈಸ್ ಅವರ ಕಥೆ. ಸಂಗೀತ ಜೂಲ್ ಸ್ಟೈನ್, ಸಾಹಿತ್ಯ ಬಾಬ್ ಮೆರಿಲ್. ಇಪ್ಪತ್ತೊಂದು ವರ್ಷದ ಬಾರ್ಬ್ರಾ ಫ್ಯಾನಿಯ ಪಾತ್ರದಲ್ಲಿ. 1964ರ ಮಾರ್ಚ್ 26ರಂದು ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಆರಂಭವಾಗಿ 1,348 ಪ್ರದರ್ಶನ ಕಂಡಿತು. ನಾಟಕ ಇನ್ನೂ ತಿದ್ದುಪಡಿಯಲ್ಲಿದ್ದಾಗ, ಹೊರ ಊರುಗಳಲ್ಲಿ ಪರೀಕ್ಷಾರ್ಥ ಆಡುತ್ತಿದ್ದ ದಿನಗಳಲ್ಲಿ, ಈ ಹಾಡು ಪಾತ್ರಕ್ಕೆ ಒಗ್ಗುವುದಿಲ್ಲ, ತೆಗೆದುಬಿಡೋಣ ಎಂಬ ಮಾತೂ ಬಂದಿತ್ತಂತೆ. ಪ್ರೇಕ್ಷಕರ ಚಪ್ಪಾಳೆಯಿಂದ ಅದು ಉಳಿದುಕೊಂಡಿತು. ಇಲ್ಲೊಂದು ಸ್ವಾರಸ್ಯವಿದೆ. ನಾಟಕಕ್ಕೆ ಹಣ ಹಾಕಿದ್ದ ಕ್ಯಾಪಿಟಲ್ ಕಂಪನಿಗೆ ಕಾಸ್ಟ್ ಆಲ್ಬಮ್ಮಿನ ಹಕ್ಕು ಹೋಗಿತ್ತು. ಬಾರ್ಬ್ರಾ ಮಾತ್ರ ಕೊಲಂಬಿಯಾದವರು. ಹಾಗಾಗಿ ಕೊಲಂಬಿಯಾ ಅದೇ ಹಾಡನ್ನು ಅವರಿಂದ ಪ್ರತ್ಯೇಕವಾಗಿ ಹಾಡಿಸಿ, ನಾಟಕ ಬ್ರಾಡ್‌ವೇಗೆ ಬರುವ ಮೊದಲೇ ಬಿಡುಗಡೆ ಮಾಡಿತು. ಒಂದೇ ಗಾಯಕಿ, ಒಂದೇ ಹಾಡು, ಒಂದೇ ವರ್ಷ, ರೆಕಾರ್ಡ್ ಎರಡು. ಕ್ಯಾಪಿಟಲ್‌ನದರಲ್ಲಿ ಹಾಡುವುದು ಫ್ಯಾನಿ ಬ್ರೈಸ್ ಪಾತ್ರ. ಕೊಲಂಬಿಯಾದ್ದರಲ್ಲಿ ಹಾಡುವುದು ಬಾರ್ಬ್ರಾ ಸ್ಟ್ರೈಸ್ಯಾಂಡ್. ಸಂಕಲನಕ್ಕೆ ಬಂದದ್ದು ಎರಡನೆಯದು.

ಇದು ಗೆದ್ದ ನಾಟಕದ ಕಥೆ. ಸಂಕಲನದ ಮೊದಲ ಮಗ್ಗುಲಿನಲ್ಲಿ ಮೂರನೆಯದಾಗಿ ಬರುವ 'ವೈ ಡಿಡ್ ಐ ಚೂಸ್ ಯು?' ಹಾಡಿನ ಹಿನ್ನೆಲೆ ಕೇಳಿ. ಮಾರ್ಜರಿ ಕಿನ್ನನ್ ರಾಲಿಂಗ್ಸ್ ಅವರ ಪುಲಿಟ್ಜರ್ ಪುರಸ್ಕೃತ ಕಾದಂಬರಿ 'ದಿ ಇಯರ್ಲಿಂಗ್'. ಫ್ಲಾರಿಡಾದ ಕಾಡಂಚಿನಲ್ಲಿ ಜಿಂಕೆಮರಿ ಸಾಕುವ ಬಡ ರೈತರ ಹುಡುಗನೊಬ್ಬನ ಕಥೆ. ಮೈಕೆಲ್ ಲೆನಾರ್ಡ್ ಸಂಗೀತ, ಹರ್ಬರ್ಟ್ ಮಾರ್ಟಿನ್ ಸಾಹಿತ್ಯದಲ್ಲಿ ಅದು ಸಂಗೀತ ನಾಟಕವಾಯಿತು. ಹುಡುಗನ ತಂದೆ ತಾಯಿ, ಬಾಳಿನಲ್ಲಿ ಸಾಕಷ್ಟು ಬಳಲಿದ ಗಂಡ ಹೆಂಡತಿ, ಹಾಡಿಕೊಳ್ಳುವ ಹಾಡು ಇದು. ನಾಟಕ 1965ರ ಡಿಸೆಂಬರಿನಲ್ಲಿ ಬ್ರಾಡ್‌ವೇಯಲ್ಲಿ ತೆರೆ ಕಂಡು ಮೂರೇ ಪ್ರದರ್ಶನಕ್ಕೆ ಮುಚ್ಚಿತು. ಆದರೆ ಬಾರ್ಬ್ರಾ ಆ ಹೊತ್ತಿಗಾಗಲೇ ಅದರ ನಾಲ್ಕು ಹಾಡುಗಳನ್ನು ಹಾಡಿ ಮುಗಿಸಿದ್ದರು! 'ಐ ಆ್ಯಮ್ ಆಲ್ ಸ್ಮೈಲ್ಸ್' 1964ರಲ್ಲೇ 'ಪೀಪಲ್' ಆಲ್ಬಮ್ಮಿಗೆ ಸೇರಿತ್ತು. ಉಳಿದ ಮೂರು 1965ರ ಎರಡು ಆಲ್ಬಂಗಳಲ್ಲಿದ್ದವು. ಹೆಸರಾಂತ ಗಾಯಕಿಯೊಬ್ಬರು ಮೊದಲೇ ಹಾಡಿಟ್ಟರೆ ನಾಟಕಕ್ಕೆ ಜನ ಬರುತ್ತಾರೆ ಎಂಬ ಹಳೆಯ ಲೆಕ್ಕ. ಜನ ಬರಲಿಲ್ಲ, ಹಾಡು ಮಾತ್ರ ಉಳಿಯಿತು.

ಮೂರು ಪ್ರದರ್ಶನ ಕಂಡ ನಾಟಕಕ್ಕೆ ಯಾವ ಕಂಪನಿ ತಾನೇ ಕಾಸ್ಟ್ ಆಲ್ಬಂ ಮಾಡೀತು? ಬಾರ್ಬ್ರಾ ಹಾಡದೇ ಇದ್ದಿದ್ದರೆ ಈ ಹಾಡು ಸ್ವರಲಿಪಿಯ ಕಾಗದದಲ್ಲೇ ಕೊಳೆಯುತ್ತಿತ್ತೇನೋ. ಈಗ ನೋಡಿ, ಜಾಸ್ ಪಿಯಾನೋದ ಬಿಲ್ ಇವಾನ್ಸ್ ಅದನ್ನು ನುಡಿಸಿದ್ದಾರೆ, ಸೋಲ್ ಸಂಗೀತದ ಮಾರ್ವಿನ್ ಗೇ ಹಾಡಿದ್ದಾರೆ. ಇವರ ರೆಕಾರ್ಡ್ ಕೇಳುವ ಎಷ್ಟು ಜನಕ್ಕೆ ಜಿಂಕೆಮರಿಯ ನೆನಪಾಗುತ್ತದೆ?

ಅದರ ಪಕ್ಕದಲ್ಲೇ ಇರುವ 'ಹೀ ಟಚ್ಡ್ ಮಿ' ಇನ್ನೂ ತಮಾಷೆಯದು. ಇದು 'ಡ್ರ್ಯಾಟ್! ದ ಕ್ಯಾಟ್!' ಎಂಬ ನಗೆನಾಟಕದ್ದು. ಕಥೆ ಮತ್ತು ಸಾಹಿತ್ಯ ಐರಾ ಲೆವಿನ್. ಹೌದು, ಮುಂದೆ 'ರೋಸ್‌ಮೆರೀಸ್ ಬೇಬಿ' ಬರೆದು ಓದುಗರ ನಿದ್ದೆಗೆಡಿಸಿದ ಅದೇ ಕಾದಂಬರಿಕಾರ. ಸಂಗೀತ ಮಿಲ್ಟನ್ ಶೇಫರ್. ಬೆಕ್ಕಿನ ವೇಷದ ಕಳ್ಳಿಯೊಬ್ಬಳ ಬೆನ್ನು ಹತ್ತುವ ಪೊಲೀಸನ ಪಾತ್ರ ಎಲಿಯಟ್ ಗೂಲ್ಡ್ ಅವರದು. ಅವರು ಆಗ ಬಾರ್ಬ್ರಾರ ಪತಿ. ನಾಟಕದಲ್ಲಿ ಆತ ಹಾಡುವುದು 'ಶೀ ಟಚ್ಡ್ ಮಿ' ಎಂದು. ಹೆಂಡತಿ ಹಾಡುವಾಗ ಆಕೆ ಹೋಗಿ ಆತ ಆದ. 1965ರ ಅಕ್ಟೋಬರಿನಲ್ಲಿ ಎಂಟು ಪ್ರದರ್ಶನಕ್ಕೆ ನಾಟಕದ ಕಥೆ ಮುಗಿಯಿತು. ಪೆದ್ದು ಪೊಲೀಸನೊಬ್ಬ ತಬ್ಬಿಬ್ಬಾಗಿ ಹಾಡುವ ಹಾಡು ಬಾರ್ಬ್ರಾರ ಕಂಠದಲ್ಲಿ ತುಂಬು ವಾದ್ಯಮೇಳದೊಂದಿಗೆ ಮೆಲ್ಲನೆ ಏರುತ್ತ ಹೋಗಿ, ಕೊನೆಗೆ ಅದಕ್ಕಿಂತ ಗಂಭೀರವಾದ ಪ್ರೇಮಗೀತೆ ಇನ್ನೊಂದಿಲ್ಲ ಅನ್ನಿಸಿಬಿಡುತ್ತದೆ.

'ಹ್ಯಾಪಿ ಡೇಸ್ ಆರ್ ಹಿಯರ್ ಅಗೇನ್' ನಡೆದದ್ದು ಇದಕ್ಕೆ ತದ್ವಿರುದ್ಧ ದಾರಿಯಲ್ಲಿ. 1929ರಲ್ಲಿ ಬರೆದ ಈ ಹಾಡು ನಗುನಗುತ್ತ ಹೆಜ್ಜೆ ಹಾಕುವಂಥದ್ದು. 1932ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಚುನಾವಣಾ ಪ್ರಚಾರಗೀತೆಯಾಗಿ ದೇಶಕ್ಕೆಲ್ಲ ಬಾಯಿಪಾಠವಾಗಿತ್ತು. 1962ರಲ್ಲಿ ಗ್ಯಾರಿ ಮೂರ್ ಅವರ ಟಿವಿ ಕಾರ್ಯಕ್ರಮದಲ್ಲಿ 1929ನೇ ವರ್ಷವನ್ನು ನೆನೆಯುವ ಒಂದು ಭಾಗವಿತ್ತು. ಷೇರುಪೇಟೆ ಕುಸಿದು ಎಲ್ಲವನ್ನೂ ಕಳೆದುಕೊಂಡ ಸಿರಿವಂತ ಹೆಂಗಸು ಮದ್ಯದಂಗಡಿಯಲ್ಲಿ ಕೂತು, ಒಂದೊಂದು ಲೋಟಕ್ಕೆ ಒಂದೊಂದು ಒಡವೆ ಬಿಚ್ಚಿಕೊಡುತ್ತ ಈ ಸಂತೋಷದ ಹಾಡನ್ನು ಹಾಡುತ್ತಾಳೆ. ಬಾರ್ಬ್ರಾ ಅಂದು ಅದನ್ನು ಹಾಡಿದ್ದು ತೀರಾ ನಿಧಾನ ಲಯದಲ್ಲಿ. ರೆಕಾರ್ಡಿನಲ್ಲಿ ಒಡವೆಯೂ ಇಲ್ಲ, ಲೋಟವೂ ಇಲ್ಲ, ನಿಧಾನ ಲಯ ಮಾತ್ರ ಇದೆ. ಆ ಲಯದಲ್ಲೇ ಹೆಂಗಸಿನ ಪಾಡೆಲ್ಲ ಕೇಳುತ್ತದೆ. ಅಂದರೆ ಹಳೆಯ ಪಾಪ್ ಹಾಡೊಂದಕ್ಕೆ ಬಾರ್ಬ್ರಾ ತಾವೇ ಒಂದು ನಾಟಕ ಕಟ್ಟಿಕೊಟ್ಟರು. ಎಡವದೆ ಎರಡೂ ದಿಕ್ಕಿಗೆ ಓಡಾಡಬಲ್ಲ ಗಾಯಕರು ಅವರ ಕಾಲದಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಇನ್ನುಳಿದವುಗಳಲ್ಲಿ 'ಸೆಕೆಂಡ್ ಹ್ಯಾಂಡ್ ರೋಸ್' ಮತ್ತು 'ಮೈ ಮ್ಯಾನ್' ಅಸಲಿ ಫ್ಯಾನಿ ಬ್ರೈಸ್ 1921ರಲ್ಲಿ ಹಾಡಿ ಹೆಸರು ಮಾಡಿದ್ದವು. 'ಫನ್ನಿ ಗರ್ಲ್' ನಾಟಕದಲ್ಲಿ ಅವಕ್ಕೆ ಜಾಗವಿರಲಿಲ್ಲ, 1968ರ ಸಿನಿಮಾಕ್ಕೆ ಬಂದವು. ಪ್ಯಾಂಟು ಉದ್ದವಾಯಿತೆಂದು ದರ್ಜಿಯನ್ನು ದೂರುವ ಹಾಡನ್ನು ಯಾಕೆ ಸೇರಿಸಿದರೋ, ನಾನಾಗಿದ್ದರೆ ಬಿಡುತ್ತಿದ್ದೆ.

ಈ ಸಂಕಲನ ಬಂದ ಹೊತ್ತೂ ಗಮನಿಸುವಂಥದ್ದು. 1969ರಲ್ಲಿ ಬಾರ್ಬ್ರಾ ಬೀಟಲ್ಸ್ ಮುಂತಾದವರ ಹೊಸ ಹಾಡುಗಳನ್ನು ಹಾಡಿದ 'ವಾಟ್ ಅಬೌಟ್ ಟುಡೇ?' ಬಂದು ತಣ್ಣಗಾಗಿತ್ತು. ಬ್ರಾಡ್‌ವೇ ಹಾಡುಗಳಿಗೆ ರೇಡಿಯೋದಲ್ಲಿ ಕಿವಿಗೊಡುವವರಿರಲಿಲ್ಲ. ನಿರ್ಮಾಪಕ ರಿಚರ್ಡ್ ಪೆರಿ ಜೊತೆ ಮಾಡಿ 1971ರಲ್ಲಿ ಹೊರತಂದ 'ಸ್ಟೋನಿ ಎಂಡ್' ಆಲ್ಬಮ್ಮಿನೊಂದಿಗೆ ಅವರು ಪಾಪ್ ಕಡೆಗೆ ಹೊರಳಿದರು. ಲಾರಾ ನೈರೋ ಬರೆದ ಅದೇ ಹೆಸರಿನ ಹಾಡು ಅವರ ಎರಡನೇ ನಿಜವಾದ ಹಿಟ್. ಹಾಗಾಗಿ 1970ರ ಸಂಕಲನ ಹಳೆಯ ಖಾತೆಯನ್ನು ಮುಕ್ತಾಯ ಮಾಡಿದ ಲೆಕ್ಕಪುಸ್ತಕ. ಗಾಯಕಿಯ ಮೊದಲ ಏಳು ವರ್ಷ ಅದರಲ್ಲಿದೆ, ಅದರಾಚೆ ಏನೂ ಇಲ್ಲ.

ಹನ್ನೊಂದು ವರ್ಷದ ಬಳಿಕ, 1981ರ ಕೊನೆಯಲ್ಲಿ, 'ಮೆಮೊರೀಸ್' ಎಂಬ ಇನ್ನೊಂದು ಸಂಕಲನ ಬಂತು. ಈ ಸಲ ಹಿಟ್ಸ್ ಎಂದು ಕರೆದಿದ್ದರೆ ಸುಳ್ಳಾಗುತ್ತಿರಲಿಲ್ಲ. 'ದ ವೇ ವಿ ವರ್', ಸ್ವತಃ ಬಾರ್ಬ್ರಾ ರಾಗ ಹಾಕಿ ಆಸ್ಕರ್ ಗೆದ್ದ 'ಎವರ್‌ಗ್ರೀನ್', ಡೊನ್ನಾ ಸಮ್ಮರ್ ಜೊತೆಗಿನ 'ನೋ ಮೋರ್ ಟಿಯರ್ಸ್', ನೀಲ್ ಡೈಮಂಡ್ ಜೊತೆಗಿನ 'ಯು ಡೋಂಟ್ ಬ್ರಿಂಗ್ ಮಿ ಫ್ಲವರ್ಸ್', ನಾಲ್ಕೂ ಒಂದನೇ ಸ್ಥಾನ ಕಂಡವು. ಕೊನೆಯದಂತೂ ರೇಡಿಯೋದವರ ಕೈಚಳಕದಿಂದ ಹುಟ್ಟಿದ ಯುಗಳಗೀತೆ. ಇಬ್ಬರೂ ಬೇರೆ ಬೇರೆಯಾಗಿ ಹಾಡಿದ್ದ ರೆಕಾರ್ಡುಗಳನ್ನು ಲೂಯಿವಿಲ್‌ನ ನಿರೂಪಕ ಗ್ಯಾರಿ ಗತ್ರಿ ಕತ್ತರಿಸಿ ಜೋಡಿಸಿ ಪ್ರಸಾರ ಮಾಡಿದರು. ಕೇಳುಗರು ಮುಗಿಬಿದ್ದದ್ದನ್ನು ನೋಡಿದ ಕೊಲಂಬಿಯಾ ಇಬ್ಬರನ್ನೂ ಸ್ಟುಡಿಯೋಗೆ ಕರೆಸಿ 1978ರಲ್ಲಿ ಒಟ್ಟಿಗೆ ಹಾಡಿಸಿತು.

'ಮೆಮೊರೀಸ್' ಹೆಸರು ಬಂದದ್ದು ಅದರ ಮೊದಲ ಹಾಡಿನಿಂದ, ಆ್ಯಂಡ್ರೂ ಲಾಯ್ಡ್ ವೆಬರ್ ಅವರ 'ಕ್ಯಾಟ್ಸ್' ನಾಟಕದ 'ಮೆಮೊರಿ'. ನಾಟಕ ಲಂಡನ್ನಿನಲ್ಲಿ ಆರಂಭವಾಗಿದ್ದು 1981ರ ಮೇ ತಿಂಗಳಲ್ಲಿ. ನ್ಯೂಯಾರ್ಕಿಗೆ ಬಂದದ್ದು 1982ರ ಅಕ್ಟೋಬರಿನಲ್ಲಿ, ಅದೂ 'ಫನ್ನಿ ಗರ್ಲ್' ಆಡಿದ್ದ ಅದೇ ವಿಂಟರ್ ಗಾರ್ಡನ್‌ಗೆ. ಅಂದರೆ ಇಲ್ಲಿಯೂ ಅಮೆರಿಕದ ಕೇಳುಗರಿಗೆ ನಾಟಕಕ್ಕಿಂತ ಮೊದಲು ಬಾರ್ಬ್ರಾರ ಹಾಡು ಸಿಕ್ಕಿತ್ತು. ಹಳೆಯ ಹಾಡುಗಳ ನಡುವೆ ಹೀಗೆ ಎರಡು ಮೂರು ಹೊಸದನ್ನು ತೂರಿಸುವುದು ಸಂಕಲನದ ಇನ್ನೊಂದು ವ್ಯಾಪಾರಿ ಗುಟ್ಟು. ಎಲ್ಲ ಆಲ್ಬಂ ಇಟ್ಟುಕೊಂಡಿರುವ ಅಭಿಮಾನಿಯೂ ಆ ಎರಡು ಮೂರು ಹಾಡಿಗಾಗಿ ಮತ್ತೆ ಹಣ ತೆರಬೇಕು. ತೆತ್ತರು ಕೂಡ. ಇನ್ನಷ್ಟು ಹಾಡು ಸೇರಿಸಿ 'ಲವ್ ಸಾಂಗ್ಸ್' ಎಂಬ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಬಿಟ್ಟ ಅದರ ಆವೃತ್ತಿ 1982ರಲ್ಲಿ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ.

'ಕ್ಯಾಟ್ಸ್' ಬ್ರಾಡ್‌ವೇಯಲ್ಲಿ 7,485 ಪ್ರದರ್ಶನ ಕಂಡಿತು. 'ದಿ ಇಯರ್ಲಿಂಗ್' ಮೂರು. ಎರಡರ ಹಾಡುಗಳೂ ಬಾರ್ಬ್ರಾರ ಸಂಕಲನದಲ್ಲಿ ಸಿಗುತ್ತವೆ, ಎರಡಕ್ಕೂ ಸಿಕ್ಕಿರುವುದು ಕೆಲವೇ ನಿಮಿಷ. ಪ್ರದರ್ಶನಗಳ ಲೆಕ್ಕ ಗೊತ್ತಿಲ್ಲದೆ ಬರಿ ಕಿವಿಯಿಂದ ಕೇಳಿ ಯಾವುದು ಗೆದ್ದ ನಾಟಕದ್ದು, ಯಾವುದು ಬಿದ್ದ ನಾಟಕದ್ದು ಎಂದು ಹೇಳಲು ನನ್ನಿಂದಂತೂ ಸಾಧ್ಯವಿಲ್ಲ.

ಈಗ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಗಾಯಕರ ಹೆಸರು ಒತ್ತಿದರೆ ಜನಪ್ರಿಯ ಹಾಡುಗಳ ಪಟ್ಟಿ ತಾನಾಗಿ ಬರುತ್ತದೆ. ಎಷ್ಟು ಜನ ಎಷ್ಟು ಸಲ ಕೇಳಿದರು ಎಂಬುದೇ ಅಲ್ಲಿ ಮುಖ್ಯ ಅಳತೆ. ಆ ಅಳತೆಯಲ್ಲಿ 1970ರ ಸಂಕಲನದ ಹನ್ನೊಂದರಲ್ಲಿ ಹೆಚ್ಚಿನವು ಮೇಲೆ ಬರುವುದೇ ಇಲ್ಲ. ಯಾರೋ ಕೂತು, ಮಾರಾಟದ ಅಂಕಿಗಳನ್ನು ಬದಿಗೆ ಸರಿಸಿ, ಈ ಗಾಯಕಿ ಎಂದರೆ ಇದು ಎಂದು ಆರಿಸಿದ್ದರಿಂದ ಅವು ಒಟ್ಟಿಗೆ ಉಳಿದವು. 'ಮೆಮೊರೀಸ್' ಹೆಚ್ಚು ಮಾರಾಟವಾಗಿರಬಹುದು, ಆದರೆ ಆಲ್ಬಂ ಆಗಿ ನೋಡಿದರೆ ಹಳೆಯದೇ ಮೇಲು. 'ಮೆಮೊರೀಸ್'ನಲ್ಲಿ ಒಂದಾದ ಮೇಲೊಂದು ಮೆಲುದನಿಯ ಪ್ರೇಮಗೀತೆ ಬಂದು ನಡುವಿನಲ್ಲಿ ಬೇಸರ ತರಿಸುತ್ತದೆ. 1970ರದರಲ್ಲಿ ನಗು, ಹಟ, ಹರಟೆ, ಅಳು ಎಲ್ಲ ಇದೆ, ಹಾಡಿನಿಂದ ಹಾಡಿಗೆ ಹೆಂಗಸೇ ಬೇರೆ.

ಕೇಳುವ ಮನಸ್ಸಿದ್ದರೆ ಎರಡೂ ಸಂಕಲನಗಳು ಆ್ಯಪ್‌ಗಳಲ್ಲಿ ಸುಲಭವಾಗಿ ಸಿಗುತ್ತವೆ. ಹಳೆಯದರಿಂದ ಶುರು ಮಾಡಿ, ಷಫಲ್ ಗುಂಡಿ ಒತ್ತಬೇಡಿ. ಮೂರನೇ ಹಾಡು ಹಿಡಿಸಿದರೆ 'ದಿ ಇಯರ್ಲಿಂಗ್' ಕಾದಂಬರಿಯನ್ನೂ ಹುಡುಕಿ ಓದಿ. ನಾಟಕಕ್ಕೆ ಪ್ರೇಕ್ಷಕರು ಸಿಗಲಿಲ್ಲ, ಕಾದಂಬರಿಗೆ ಓದುಗರು ಇಂದಿಗೂ ಇದ್ದಾರೆ.